ದೋಣಿಗೆ ಬಾಯಿ ಕೊಂಡದ್ದು

ನಿಮ್ಮ ತಾತ ಅಂಗಡಿಗೆ ಹೊರಟರೆ ಕೈಯಲ್ಲಿ ಒಂದು ಬಾಟಲಿ ಇರುತ್ತಿತ್ತು. ಅದರ ತುಂಬ ಹೊಳೆ ನೀರು, ತಳದಲ್ಲಿ ಒಂದಿಷ್ಟು ಪಾಚಿ. ಪೈಪು, ನಲ್ಲಿ, ಜರಡಿ, ಏನೇ ಇರಲಿ, ಆ ನೀರು ಸುರಿದು ನೋಡದೆ ಕೊಳ್ಳುತ್ತಿರಲಿಲ್ಲ. “ನಲ್ಲಿ ನೀರು ಎಲ್ಲಾದ್ರಾಗೂ ಹೋಗ್ತೈತಿ. ನಮ್ಮ ಹೊಳಿ ನೀರು ಹೋಗ್ತೈತೇನು, ಅದನ್ನ ನೋಡಬೇಕು” ಎನ್ನುತ್ತಿದ್ದರು.

ಸಿರುಗುಪ್ಪದಲ್ಲಿ ಅವರದು ಮೀನು ಹಿಡಿಯುವ ಕೆಲಸ. ನಾನು ಕುರುಗೋಡು ಕಡೆಯ ಹಳ್ಳಿಯವಳು, ಹೊಳೆ ಎಂದರೆ ಹೆದರಿಕೆ. ಮದುವೆಯಾಗಿ ಎಷ್ಟೋ ವರ್ಷ ದಡದಲ್ಲೇ ನಿಂತು ಅವರ ದೋಣಿ ಚಿಕ್ಕದಾಗುವುದನ್ನು ನೋಡುತ್ತಿದ್ದೆ. ಒಮ್ಮೆ ಅವರ ಜೊತೆ ಕೂತು ಹೋಗಬೇಕೆಂಬ ಆಸೆಯೂ ಇತ್ತು. ಹೇಳಲು ನಾಚಿಕೆ.

ಇಂಜಿನ್ ದೋಣಿ ಬಂದ ಮೇಲೆ ಅದರೊಳಗೆ ಮೀನಿಗೊಂದು ತೊಟ್ಟಿ ಮಾಡಿಸಿದರು. ಆದರೆ ನಿಂತ ನೀರಿನಲ್ಲಿ ಗೆಂಡೆ ಮೀನು ದಡ ಸೇರುವಷ್ಟರಲ್ಲಿ ಸಾಯುತ್ತಿದ್ದವು. ದೋಣಿಯ ತಳಕ್ಕೆ ತೂತು ಕೊರೆದು, ಹೊಸ ನೀರು ತೊಟ್ಟಿಯೊಳಗೆ ಬರುವ ಹಾಗೆ ಒಂದು ಬಾಯಿ ಕೂರಿಸಬೇಕಿತ್ತು. ಅದನ್ನು ತರಲು ಬಳ್ಳಾರಿಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದರು.

ಕೌಲ್ ಬಜಾರಿನ ಅಂಗಡಿಯಲ್ಲಿ, “ಬಾಯಿ ಬೇಕಾಗೈತ್ರಿ ಸಾಬ್ರ, ನೀರು ಎಳಿಯಾಕ” ಎಂದರು. ನಮ್ಮ ಕಡೆ ಬಾವಿಗೂ ಬಾಯಿ ಅಂತಲೇ ಅನ್ನುತ್ತಾರಲ್ಲ, ಅಂಗಡಿಯವರು ಬಾವಿಯ ಪಂಪಿಗೆ ಹಾಕುವ ಫುಟ್‌ವಾಲ್ವ್ ತಂದಿಟ್ಟರು.

“ಎಷ್ಟು ಆಳ ಐತ್ರಿ?”

“ಎರಡು ಗೇಣು.”

“ಎರಡು ಗೇಣಿನ ಬಾಯ್ಯಾಗ ನೀರು ಎಲ್ಲಿಂದ ಬರ್ತೈತಿ ಯಜಮಾನ್ರ?”

“ಕೆಳಗ ಪೂರಾ ತುಂಗಭದ್ರಾ ಐತ್ರಿ.”

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ವಿಷಯ ತಿಳಿದ ಮೇಲೆ ಅಂಗಡಿಯವರೂ ನಕ್ಕು, ಎರಡು ಹಿತ್ತಾಳೆ ಬಾಯಿ ತೆಗೆದಿಟ್ಟರು. ಒಂದು ಚಪ್ಪಟೆ, ಸಣ್ಣ ಜಾಲರಿಯದು. ತಾತ ಬಾಟಲಿ ಬಗ್ಗಿಸಿದರು, ಪಾಚಿ ಜಾಲರಿಗೆ ಮೆತ್ತಿಕೊಂಡು ನೀರು ನಿಂತಿತು. ಇನ್ನೊಂದು ಅಗಲ ಸೀಳಿನದು, ಮುಂದಕ್ಕೆ ಬಾಗಿದ್ದು. ಅದರಲ್ಲಿ ನೀರು, ಪಾಚಿ ಎರಡೂ ಸಲೀಸಾಗಿ ಇಳಿದವು. ತಾತ ನನ್ನ ಕಡೆ ತಿರುಗಿ, “ನೀ ಏನಂತಿ?” ಎಂದರು. ಅಂಗಡಿಯಲ್ಲಿ ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ.

“ಇದು ಬೊಗಸಿ ಒಡ್ಡಿದಂಗ ಐತ್ರಿ. ದೋಣಿ ಮುಂದ ಹೋದಂಗ ನೀರು ತಾನಾ ತುಂಬ್ಕೊಂತೈತಿ” ಎಂದೆ. ಅದನ್ನೇ ಕೊಂಡರು.

ಅದನ್ನು ಕೂರಿಸಿದ ದಿನ ತಾತ ಇಂಜಿನ್ ಹಿಡಿಯಬೇಕು, ತೊಟ್ಟಿ ನೋಡುವವರಿಲ್ಲ. “ಆರಿಸಿದಾಕಿ ನೀನು, ಬಂದು ನೋಡು” ಎಂದರು.

“ತೂತು ಕೊರದೀರಿ. ಮುಳುಗಿದ್ರ?”

“ಮುಳುಗಿದ್ರ ಇಬ್ರೂ ಮುಳುಗೂಣು. ಹತ್ತಲೇ.”

ಕಣ್ಣು ಮುಚ್ಚಿ ಹತ್ತಿದೆ. ತೊಟ್ಟಿಯ ಅಂಚು ಹಿಡಿದು ಕೂತೆ, ನನ್ನ ಬೆನ್ನ ಹಿಂದೆ ಅವರು. “ಬಂತೇನು?” ಎಂದು ಕೂಗಿದರು. ತಳದಿಂದ ನೀರು ಉಬ್ಬಿ ಬರುತ್ತಿತ್ತು, ಗೆಂಡೆಗಳು ಅದಕ್ಕೆ ಎದುರಾಗಿ ಈಜುತ್ತಿದ್ದವು. “ಬಂತ್ರಿ” ಎಂದೆ. ಆಮೇಲೆ ನೋಡುವ ಅಗತ್ಯವಿಲ್ಲದಿದ್ದರೂ ಕರೆಯುತ್ತಿದ್ದರು, ನಾನೂ ಹೋಗುತ್ತಿದ್ದೆ.

ಕೊನೆಯ ಸಲ ಅವರನ್ನು ನೋಡಿದ್ದು ನಾನು ತಂಗಿಯ ಮನೆಗೆಂದು ಕುರುಗೋಡು ಬಸ್ಸು ಹತ್ತಿದಾಗ. “ಲಗೂನ ಬಾ, ಒಬ್ಬನಾ ಹೋಗಾಕ ಬ್ಯಾಸರ ಆಗ್ತೈತಿ” ಎಂದರು. ಮರುದಿನ ಮನೆಯಲ್ಲಿ ಎದೆ ನೋವು ಬಂದು ಹೋದರು. ನಾನು ತಲುಪುವಷ್ಟರಲ್ಲಿ ಅಂಗಳದ ತುಂಬ ಜನ.

ಈಗ ದೋಣಿ ನಡೆಸುವವನು ನಿಮ್ಮಪ್ಪ. ಕರೆದರೆ ಹೋಗಿ ಕೂರುತ್ತೇನೆ. ಇಂಜಿನ್ನಿನ ಸದ್ದು ಬೆನ್ನಿಗೆ ಬೀಳುತ್ತದೆ, ತಾತ ಇದ್ದಾಗಿನ ಅದೇ ಸದ್ದು. ನಿಮ್ಮಪ್ಪ ಏನಾದರೂ ಕೇಳಿದರೆ ಮುಂದೆ ನೋಡುತ್ತಲೇ ಉತ್ತರ ಕೊಡುತ್ತೇನೆ. ದಡ ಮುಟ್ಟುವವರೆಗೂ ಹಿಂದಕ್ಕೆ ತಿರುಗುವುದಿಲ್ಲ.