ಅಂಚಿನ ಹಾಸಿಗೆ

ಅಂಗಡಿಗೆ ಹೋಗುವವರು ಕೈಯಲ್ಲಿ ಚೀಲ ಹಿಡಿದುಕೊಂಡು ಹೋಗುತ್ತಾರೆ. ಈ ಬೇಸಿಗೆಯಲ್ಲಿ ನಾನು ಹೊಸಪೇಟೆಯ ಫರ್ನಿಚರ್ ಅಂಗಡಿಗಳಿಗೆ ತಂಬಿಗೆ ಹಿಡಿದುಕೊಂಡು ಹೋದೆ. ದೇವರ ಮುಂದೆ ನೀರಿಡುವ ಸಣ್ಣ ಹಿತ್ತಾಳೆ ತಂಬಿಗೆ. ಮೊದಲನೆಯ ಅಂಗಡಿಯ ಮಾಲೀಕ ಅದನ್ನು ಕಂಡ ಕೂಡಲೇ, "ಬರ್ರಿ ಅಮ್ಮಾ, ಬಿಸಿಲು ಭಾಳ ಐತಿ. ಒಳಗ ತಣ್ಣನ ನೀರೈತಿ, ತುಂಬ್ಕೊಳ್ರಿ" ಎಂದು ಉಪಚರಿಸಿದ.

"ನೀರು ಬ್ಯಾಡಪ್ಪ. ಹುಡುಗ್ರು ಮಲಗೋ ಮಂಚ ತೋರ್ಸು. ಒಂದರ ಮ್ಯಾಲೊಂದು ಇರ್ತಾವಲ್ಲ, ಅದು."

ತೋರಿಸಿದ. ಬಣ್ಣ ಬಣ್ಣದ ಮಂಚ, ತಲೆಯ ಕಡೆ ಕಾರಿನ ಚಿತ್ರ. ನಾನು ಕಾರು ನೋಡಲಿಲ್ಲ. ಮೇಲಿನ ಮಂಚದ ಕಟಕಟೆಯ ಎರಡು ಪಟ್ಟಿಗಳ ನಡುವಿನ ಸಂದಿಗೆ ತಂಬಿಗೆ ಒತ್ತಿದೆ. ಅದು ಸಲೀಸಾಗಿ ತೂರಿ ಆಚೆ ಬಿದ್ದು, ಅಂಗಡಿಯ ತುಂಬಾ ಸದ್ದು ಮಾಡುತ್ತಾ ಉರುಳಿ ಹೋಗಿ ಒಂದು ಸೋಫಾದ ಕೆಳಗೆ ಸೇರಿತು.

"ಏನ್ ಮಾಡಾಕತ್ತೀರಮ್ಮಾ?" ಅಂದ ಮಾಲೀಕ.

"ಪರೀಕ್ಷೆ. ನಿನ್ನ ಮಂಚ ಫೇಲಾತು."

ತಂಬಿಗೆ ತೂರುವ ಸಂದಿಯಲ್ಲಿ ಮಗುವಿನ ಮೈ ತೂರುತ್ತದೆ. ಮೈ ತೂರಿದ ಮೇಲೆ ತಲೆ ತೂರುವುದಿಲ್ಲ. ಆಗ ಏನಾಗುತ್ತದೆಂದು ನಾನು ಅವನಿಗೆ ಬಿಡಿಸಿ ಹೇಳಿದೆ. ಪಕ್ಕದಲ್ಲಿ ಡೈನಿಂಗ್ ಟೇಬಲ್ ನೋಡುತ್ತಿದ್ದ ದಂಪತಿ ಏನೂ ಕೊಳ್ಳದೆ ಹೊರಟುಹೋದರು. ಅಂದಿನಿಂದ ಆ ಮಾಲೀಕ ನನ್ನನ್ನು ದಾರಿಯಲ್ಲಿ ಕಂಡರೆ ನಮಸ್ಕಾರ ಮಾಡುತ್ತಾನೆ, ಆದರೆ ಅಂಗಡಿಗೆ ಬರ್ರಿ ಅನ್ನುವುದಿಲ್ಲ.

ಮಂಚದ ವಿಷಯದಲ್ಲಿ ನನಗೆ ಯಾರೂ ಮೋಸ ಮಾಡಲಾರರು. ಸಂಡೂರಿನ ಗಣಿಗಳ ನಡುವೆ ಇದ್ದ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಸೇರಿ, ಹಿರಿಯ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ಹಾಸಿಗೆಯ ಚಾದರ ಹೇಗೆ ಎಳೆದು ಸಿಕ್ಕಿಸಬೇಕು, ಮೂಲೆ ಹೇಗೆ ಮಡಿಸಬೇಕು ಎಂಬುದನ್ನು ಕಲಿಸಿದ ನರ್ಸಿಂಗ್ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ನಿದ್ದೆ ಬರಬೇಕು. ಬರುತ್ತಿತ್ತು ಕೂಡ. ಇಂದಿಗೂ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಅರ್ಧ ತಾಸು ವಿಶ್ರಾಂತಿ, ನಾಲ್ಕಕ್ಕೆ ಚಹಾ. ಚಹಾ ತಡವಾದರೆ ನನಗೆ ಊರಲ್ಲಿ ಏನೋ ಅನಾಹುತವಾಗಿದೆ ಅನ್ನಿಸುತ್ತದೆ.

ಹೀಗಾಗಿ, ಮಕ್ಕಳಿಗೆ ಮಂಚ ತರಬೇಕು ಎಂದು ಸೊಸೆ ಸುಮಾ ಹೇಳಿದಾಗ, ಆರಿಸುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು. ಅವಳು ಅದಕ್ಕೆ ಬಂಕ್ ಬೆಡ್ ಅನ್ನುತ್ತಾಳೆ. ನಾನು ಮಾಳಿಗೆಮಂಚ ಅನ್ನುತ್ತೇನೆ. ಮೊಮ್ಮಗಳು ಅನು ನಾಲ್ಕನೆಯ ಕ್ಲಾಸು, ಮೊಮ್ಮಗ ತೇಜು ಈಗಷ್ಟೇ ಶಾಲೆಗೆ ಸೇರಿದವನು. ಇಬ್ಬರಿಗೂ ಹಿಂದಿನ ಸಣ್ಣ ಕೋಣೆ. ಕೋಣೆ ಸಣ್ಣದಾದರೆ ಮಂಚ ಮೇಲಕ್ಕೆ ಬೆಳೆಯಬೇಕು. ಲೆಕ್ಕ ಸರಿಯಾಗಿಯೇ ಇತ್ತು.

ಸರಿ ಇಲ್ಲದ್ದು ಒಂದೇ. ಆ ಇಬ್ಬರೂ ಅಲ್ಲಿಯವರೆಗೆ ಮಲಗುತ್ತಿದ್ದದ್ದು ನನ್ನ ಜೊತೆ, ನಡುಮನೆಯಲ್ಲಿ, ನೆಲದ ಮೇಲೆ ಗಾದಿ ಹಾಸಿಕೊಂಡು. ಗೋಡೆಯ ಕಡೆ ಅನು, ನಡುವೆ ತೇಜು, ಅಂಚಿಗೆ ನಾನು. ಒಳ್ಳೆಯ ಮಂಚ ಸಿಕ್ಕ ದಿನ ಆ ಸಾಲು ಮುಗಿಯುತ್ತದೆ. ಇದು ಗೊತ್ತಿದ್ದೇ ನಾನು ತಂಬಿಗೆ ಹಿಡಿದು ಹೊರಟದ್ದು. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ನನ್ನ ಪರೀಕ್ಷೆಗಳೆಲ್ಲ ಇಷ್ಟೇಕೆ ಕಠಿಣವಾದವು ಎಂದು ನೀವು ಕೇಳಬಾರದಲ್ಲ.

ಅಂಚು ಎಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ನಾನು ಹುಟ್ಟಿದ್ದು ಗಾದಿಗನೂರಿನಲ್ಲಿ. ಬೇಸಿಗೆ ರಜೆಗೆ ಮಾತ್ರ ಕಂಪ್ಲಿಗೆ, ಅವ್ವನ ತವರಿಗೆ. ಅಲ್ಲಿ ಮಣ್ಣಿನ ಮಾಳಿಗೆಯ ಮನೆ. ಹಗಲೆಲ್ಲ ಕಾದ ಮಾಳಿಗೆಗೆ ಹೊತ್ತು ಮುಳುಗುವಾಗ ನೀರು ಚಿಮುಕಿಸಬೇಕು. ಆಗ ಮಣ್ಣಿನಿಂದ ಒಂದು ವಾಸನೆ ಏಳುತ್ತಿತ್ತು. ಯಾವ ಊದುಬತ್ತಿಯವನೂ ಅದನ್ನು ಇನ್ನೂ ಕಡ್ಡಿಗೆ ಮೆತ್ತಿಲ್ಲ. ಮೇಲೆ ಈಚಲ ಚಾಪೆ, ಅದರ ಮೇಲೆ ಕೌದಿ. ಗದ್ದೆಯ ಕಡೆಯಿಂದ ಗಾಳಿ, ಗಾಳಿಯ ಹಿಂದೆಯೇ ಸೊಳ್ಳೆ. ಬೀದಿಯ ಕಡೆಗೆ ಆ ಮಾಳಿಗೆಗೆ ಗೋಡೆ ಇರಲಿಲ್ಲ, ಕಟಕಟೆ ಇರಲಿಲ್ಲ, ಏನೂ ಇರಲಿಲ್ಲ. ಇದ್ದದ್ದು ಕಂಪ್ಲಿಯ ಅಜ್ಜಿ.

ಬೀದಿಯ ಕಡೆಯ ಅಂಚಿಗೆ ಅಜ್ಜಿ, ಮೆಟ್ಟಿಲ ಕಡೆಯ ಅಂಚಿಗೆ ಅವ್ವ, ನಡುವೆ ನಾವು ಮಕ್ಕಳೆಲ್ಲ. ಮಲಗುವ ಮುಂಚೆ ಅಜ್ಜಿ ಸಾಲನ್ನು ಒಮ್ಮೆ ನೋಡಿ ಜಾಗ ಬದಲಿಸುತ್ತಿದ್ದಳು. ಕಾಲು ಝಾಡಿಸುವವನು ಇಲ್ಲಿ, ನಿದ್ದೆಯಲ್ಲಿ ಮಾತಾಡುವವಳು ಅಲ್ಲಿ. ನಿದ್ದೆಯಲ್ಲಿ ಉರುಳುವವರಿಗೆ ನಟ್ಟನಡುವಿನ ಜಾಗ. ನಾನು ಬಹಳ ವರ್ಷ ನಟ್ಟನಡುವೆಯೇ ಇದ್ದೆ. ಒಂದು ಬೇಸಿಗೆ ಅಜ್ಜಿ ಸಾಲು ನೋಡುತ್ತಾ ನನ್ನ ಹತ್ತಿರ ನಿಂತು, "ಇಕಿ ಈಗ ಉಳ್ಳ್ಯಾಡೋದು ಬಿಟ್ಟಾಳ. ಅಂಚಿಗೆ ಹಾಕ್ರಿ ಇಕೀನ್ನ" ಅಂದಳು. ನಾನು ಕೌದಿ ಎತ್ತಿಕೊಂಡು ಮೆಟ್ಟಿಲ ಕಡೆಗೆ, ಅವ್ವನ ಆಚೆ ಪಕ್ಕಕ್ಕೆ ನಡೆದದ್ದನ್ನು ಉಳಿದ ಮಕ್ಕಳೆಲ್ಲ ಎದ್ದು ಕೂತು ನೋಡಿದರು. ಆಮೇಲೆ ಜೀವನದಲ್ಲಿ ಬಡ್ತಿಗಳು ಬಂದಿವೆ. ಯಾವುದೂ ಹಾಗೆ ಇರಲಿಲ್ಲ. ಅಂಚಿನಲ್ಲಿ ಮಲಗಿದವಳಿಗೆ ಪೂರ್ತಿ ನಿದ್ದೆ ಇಲ್ಲ; ಒಂದು ಕಿವಿ ಸದಾ ಎಚ್ಚರ. ಆ ಅರ್ಧ ನಿದ್ದೆಯೇ ನನಗೆ ಆಮೇಲೆ ರಾತ್ರಿಪಾಳಿಯಲ್ಲಿ ಅನ್ನ ಹಾಕಿತು.

ಇನ್ನೊಂದು ಬೇಸಿಗೆಯೂ ನೆನಪಿದೆ. ಅಜ್ಜಿ ಸೊರಗಿದ್ದಳು, ಎದ್ದರೆ ದಿಕ್ಕು ತಪ್ಪುತ್ತಿತ್ತು. ಅವ್ವ ಒಂದು ಸಂಜೆ ಅಜ್ಜಿಯ ಚಾಪೆಯನ್ನು ಎಳೆದು ಮಕ್ಕಳ ನಡುವೆ ಹಾಸಿದಳು. ಬೀದಿಯ ಅಂಚಿಗೆ ನನ್ನ ಕೌದಿ ಬಿತ್ತು. ಅಜ್ಜಿ ಮುಖ ತಿರುಗಿಸಿ ಮಲಗಿದಳು. ಎಲ್ಲರಿಗಿಂತ ಮೊದಲು ಏಳುತ್ತಿದ್ದ ಆಕೆ ಮರುದಿನ ಬಿಸಿಲು ಮುಖಕ್ಕೆ ಬಿದ್ದರೂ ಏಳಲಿಲ್ಲ. ಎದ್ದ ಮೇಲೂ ಮಜ್ಜಿಗೆ ಕಡೆಯುವ ಹೊತ್ತಿನ ತನಕ ಯಾರ ಮುಖವನ್ನೂ ನೋಡಲಿಲ್ಲ. "ಸಿಟ್ಟಾಗ್ಯಾಳ, ಸುಮ್ನಿರ್ರಿ" ಎಂದು ಅವ್ವ ನಮಗೆ ಪಿಸುಗುಟ್ಟಿದಳು.

ಮಂಚಕ್ಕೆ ಬರೋಣ. ಎರಡನೆಯ ಅಂಗಡಿಯ ಮಂಚ ತಂಬಿಗೆಯ ಪರೀಕ್ಷೆ ಪಾಸಾಯಿತು, ಆದರೆ ಅದರ ಏಣಿಗೆ ದುಂಡನೆಯ ಕಬ್ಬಿಣದ ಪೈಪು. ನಿದ್ದೆಗಣ್ಣಿನಲ್ಲಿ ಬರಿಗಾಲಲ್ಲಿ ಇಳಿಯುವ ಮಗುವಿಗೆ ಅಗಲವಾದ ಚಪ್ಪಟೆ ಮೆಟ್ಟಿಲು ಬೇಕು. ಮೂರನೆಯದರಲ್ಲಿ ಮೆಟ್ಟಿಲು ಚೆನ್ನಾಗಿತ್ತು, ಕಟಕಟೆಯೂ ಎತ್ತರವಿತ್ತು. ಹುಡುಗ ಒಬ್ಬ ಅದರ ಮೇಲೆ ದಪ್ಪನೆಯ ಗಾದಿ ಹಾಕಿ ತೋರಿಸಿದ. ಕಟಕಟೆ ಗಾದಿಯೊಳಗೆ ಮುಳುಗಿಹೋಯಿತು. ಮೆತ್ತಗಿರಲಿ ಎಂದು ಗಾದಿ ದಪ್ಪ ಮಾಡಿದಷ್ಟೂ ಮಗು ಅಂಚಿಗೆ ಹತ್ತಿರವಾಗುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ನಾಲ್ಕನೆಯದರ ಕೆಳಮಂಚದಲ್ಲಿ ನಾನೇ ಕೂತು ನೋಡಿದೆ. ತಲೆ ಬಡಿಯಿತು. ಓದುವ ಮಗು ಕೂರಲಾಗದ ಮಂಚ ಮಂಚವಲ್ಲ, ಕಪಾಟು. ಐದನೆಯದನ್ನು ಹಿಡಿದು ಅಲುಗಾಡಿಸಿದೆ, ಕಿರ್ರ್ ಅಂದಿತು. ಹಾಗಂದದ್ದು ನನ್ನ ಮೊಣಕಾಲೇ ಇರಬೇಕು ಎಂದು ಸುಮಾಗೆ ಗುಮಾನಿ.

ನಡುವೆ ಒಂದು ಭಾನುವಾರ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆವು. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಕೆಲವು ಎರಡಂತಸ್ತಿನವು. ತೇಜು ಒಂದರ ಮುಂದೆ ನಿಂತು, "ಅಜ್ಜೀ, ಇಲ್ಲಿ ಮ್ಯಾಲ ಯಾರು ಮಲಗ್ತಿದ್ರು, ಕೆಳಗ ಯಾರು ಮಲಗ್ತಿದ್ರು?" ಎಂದು ಕೇಳಿದ. ಇತಿಹಾಸ ಬಲ್ಲವರು ಅವು ಅಂಗಡಿಗಳೆಂದು ಹೇಳಿಯಾರು. ಮಂಚದ ಚಿಂತೆಯಲ್ಲಿದ್ದ ನಮ್ಮ ಕುಟುಂಬಕ್ಕೆ ಆ ದಿನ ಇಡೀ ಬೀದಿಯೇ ಫರ್ನಿಚರ್ ಅಂಗಡಿಯಂತೆ ಕಂಡಿತು. ಅನು ಮಾತ್ರ ಮೇಲಂತಸ್ತನ್ನು ನನ್ನ ಕಣ್ಣಿನಿಂದ ನೋಡಿ, "ಕಟಕಟೆ ಇಲ್ಲ. ಫೇಲು" ಎಂದಳು. ಮನುಷ್ಯ ಕಲ್ಲನ್ನು ಮೇಲೆ ಮೇಲೆ ಪೇರಿಸಿ ಸಾಮ್ರಾಜ್ಯ ಕಟ್ಟಿದ. ಮೇಲಿನಿಂದ ಬೀಳುವವರ ಬಗ್ಗೆ ಯೋಚಿಸುವುದನ್ನು ಅಜ್ಜಿಯರಿಗೆ ಬಿಟ್ಟ. ಹೊಲಗಳಲ್ಲೂ ಹಾಗೆಯೇ. ನನ್ನ ಗಂಡನ ಊರು ಚೋರನೂರು. ಅಲ್ಲಿ ಜೋಳ ತೆನೆ ಬಿಟ್ಟಾಗ ಹಕ್ಕಿ ಕಾಯಲು ಹೊಲದ ನಡುವೆ ಅಟ್ಟಣಿಗೆ ಹಾಕುತ್ತಿದ್ದರು. ಅವರು ಹುಡುಗರಾಗಿದ್ದಾಗ ಅದರ ಮೇಲೆ ನಿದ್ದೆ ಹೋಗಿ, ಜೋಳದ ಮೇಲೆ ಬಿದ್ದು, ಏಳದೆ ಅಲ್ಲಿಯೇ ನಿದ್ದೆ ಮುಂದುವರಿಸಿದ್ದರಂತೆ. ಬದುಕಿರುವ ತನಕ ಅದನ್ನು ಸಾಹಸವೆಂದೇ ಹೇಳುತ್ತಿದ್ದರು.

ಹಂಪಿಯಿಂದ ಬಂದ ಮರುದಿನ ಆರನೆಯ ಅಂಗಡಿ. ಗಟ್ಟಿ ಮರದ ಮಂಚ. ತಂಬಿಗೆ ತೂರಲಿಲ್ಲ. ಮೆಟ್ಟಿಲು ಚಪ್ಪಟೆ. ಅಲುಗಾಡಿಸಿದೆ, ಸದ್ದಿಲ್ಲ. ಕೂತೆ, ತಲೆ ಬಡಿಯಲಿಲ್ಲ. ಮೂಲೆಗಳೆಲ್ಲ ದುಂಡು. ನಾನು ಅದನ್ನು ಎರಡು ಸುತ್ತು ಹಾಕಿ ಕೊನೆಗೆ, "ಬಣ್ಣ ಸರಿ ಇಲ್ಲ" ಅಂದೆ.

ಸುಮಾ ಮಾತಿನಲ್ಲಿ ಜೋರಿಲ್ಲ. ಬ್ಯಾಂಕಿನಲ್ಲಿ ಕೆಲಸ, ದಿನವಿಡೀ ಜನರ ಸಿಡುಕು ಕೇಳಿ ರೂಢಿ. ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ತನ್ನ ಬ್ಯಾಗಿನಲ್ಲಿಟ್ಟುಕೊಂಡಳು.

"ಅತ್ತೀ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಮಂಚ ಹುಡುಕಾಕತ್ತೀರೋ, ಮಂಚದಾಗ ತಪ್ಪು ಹುಡುಕಾಕತ್ತೀರೋ?"

"ಎರಡೂ ಒಂದೇ ಕೆಲಸವಾ."

"ಅಲ್ರಿ. ಹುಡುಗ್ರು ನಿಮ್ಮ ಮಗ್ಗಲದಾಗ ಇರ್ಲಿ ಅಂತ ಅನ್ನಿಸಿದ್ರ ಹಂಗಂತ ಹೇಳ್ರಿ. ಇನ್ನೊಂದ್ ವರ್ಷ ಬಿಟ್ಟು ತಗೊಳ್ಳೋಣ."

ಆರು ಅಂಗಡಿಗಳಲ್ಲಿ ನಾನು ಎಲ್ಲವನ್ನೂ ಒತ್ತಿ, ಅಲುಗಾಡಿಸಿ ನೋಡಿದ್ದೆ. ನನ್ನನ್ನು ಹೀಗೆ ಯಾರೂ ಅಲುಗಾಡಿಸಿರಲಿಲ್ಲ. ಕಿರ್ರ್ ಅನ್ನಬಾರದೆಂದು ಗಟ್ಟಿಯಾಗಿ ನಿಂತೆ. "ಬಣ್ಣಕ್ಕೇನು, ನಡೀತತಿ. ತಗೋ" ಅಂದೆ. ಒಂದೇ ಆಕ್ಷೇಪ ಉಳಿಸಿಕೊಂಡೆ: ಕೆಳಗಿನ ಮಂಚ ಮೇಲಿನದಕ್ಕಿಂತ ಬಹಳ ಅಗಲವಿತ್ತು. ಅಷ್ಟು ಸಣ್ಣ ಹುಡುಗನಿಗೆ ಇಷ್ಟಗಲ ಯಾಕೆ? "ಇರ್ಲಿ ಬಿಡ್ರಿ ಅತ್ತೀ, ಯಾರಾರ ಬಂದ್ರ ಆಕ್ಕತಿ" ಅಂದಳು ಸುಮಾ.

ಮಂಚ ಬಂತು. ಮೇಲಿನ ಮಂಚದಿಂದ ಕೈಗೆ ಎಟಕುತ್ತಿದ್ದ ಸೀಲಿಂಗ್ ಫ್ಯಾನು ತೆಗೆಸಿ ಗೋಡೆಗೆ ಫ್ಯಾನು ಹಾಕಿಸಿದೆ. ಹತ್ತಿಯ ತೆಳು ಗಾದಿ ಹೊಲಿಸಿದೆ. ನಿಯಮ ಓದಿ ಹೇಳಿದೆ: ಮೇಲೆ ಅನು ಮಾತ್ರ; ತೇಜು ದೊಡ್ಡವನಾಗುವ ತನಕ ಕೆಳಗೆ. ಇಳಿಯುವಾಗ ಮುಖ ಏಣಿಯ ಕಡೆ. ಮೇಲೆ ನಿಂತು ಕುಣಿಯುವಂತಿಲ್ಲ. ಕಟಕಟೆಗೆ ವೇಲು, ಹಗ್ಗ ಕಟ್ಟುವಂತಿಲ್ಲ. ಮಕ್ಕಳು ಎಲ್ಲದಕ್ಕೂ ಹೂಂ ಅಂದರು. ಅಂದೇ ಹಾಯಾಗಿ ನಿದ್ದೆಯೂ ಹೋದರು. ನನಗೆ ನಡುಮನೆಯಲ್ಲಿ ಹೊಸ ಸಂಗತಿಯೊಂದು ತಿಳಿಯಿತು. ಒಬ್ಬಳೇ ಮಲಗುವವಳಿಗೆ ಎರಡು ಕಡೆಯೂ ಅಂಚೇ, ನಡುವೆಂಬುದೇ ಇಲ್ಲ. ಕಾಯಲು ಯಾರೂ ಇಲ್ಲದಿದ್ದರೂ ಆ ಒಂದು ಕಿವಿ ಮಾತ್ರ ಎಚ್ಚರವಾಗಿಯೇ ಇತ್ತು.

ಕೆಲವು ವಾರ ಹೀಗೆ ಕಳೆದವು. ಒಂದು ಭಾನುವಾರ ಊಟವಾದ ಮೇಲೆ ಕರೆಂಟು ಹೋಯಿತು. ನಡುಮನೆ ಕಾದ ಹಂಚಿನಂತಾಯಿತು. ಮಕ್ಕಳ ಕೋಣೆಯ ಫ್ಯಾನಿಗೆ ಮಾತ್ರ ಇನ್ವರ್ಟರ್. "ಒಳಗ ಹೋಗಿ ಮಲ್ಕೊಳ್ರಿ ಅತ್ತೀ, ಗಾಳಿ ಐತಿ" ಎಂದು ಸುಮಾ ಕಳಿಸಿದಳು. ಕೆಳಮಂಚದ ನಡುವೆ ತೇಜು ಆಗಲೇ ನಿದ್ದೆಯಲ್ಲಿದ್ದ. ನಾನು ಅಭ್ಯಾಸದಂತೆ ಹೊರಗಿನ ಅಂಚಿಗೆ ಒರಗಿದೆ. ಮೇಲಿನಿಂದ ಅನುವಿನ ತಲೆ ಇಣುಕಿತು.

"ಅಜ್ಜೀ, ನೀ ಗ್ವಾಡಿ ಕಡೆ ಹೋಗು."

"ಯಾಕವಾ?"

ಅವಳು ಏಣಿಯ ಕಡೆ ಮುಖ ಮಾಡಿ, ಒಂದೊಂದೇ ಮೆಟ್ಟಿಲು, ನಿಯಮದ ಪ್ರಕಾರ ಇಳಿದು ಬಂದಳು. "ಕಂಪ್ಲಿ ಕಥ್ಯಾಗ ನೀನೇ ಹೇಳಿದ್ದಿ, ಉಳ್ಳ್ಯಾಡದವ್ರು ಅಂಚಿಗೆ ಅಂತ. ನೀ ಭಾಳ ಉಳ್ಳ್ಯಾಡ್ತಿ."

"ನಾನಾ?"

"ಹೂಂ. ನಡುಮನ್ಯಾಗ ದಿನಾ ತೇಜುನ ಮ್ಯಾಲ ಕಾಲ್ ಹಾಕ್ತಿದ್ದಿ. ಗೊರಕಿ ಬ್ಯಾರೆ. ಸರಿ ಆ ಕಡೆ."

ಇದರ ವಿರುದ್ಧ ಯಾವ ನಿಯಮವೂ ನೆನಪಾಗಲಿಲ್ಲ. ನಾನು ತೇಜುವನ್ನು ದಾಟಿ ಗೋಡೆಯ ಕಡೆಗೆ ಹೋದೆ. ಅನು ಅಂಚಿಗೆ ಮಲಗಿ, ಸಾಲನ್ನು ಒಮ್ಮೆ ನೋಡಿ, ತಮ್ಮನ ಕಾಲು ನೇರ ಮಾಡಿದಳು. ಮಂಚ ಯಾಕಿಷ್ಟು ಅಗಲ ಎಂಬುದು ನನಗೆ ಆಗ ಅರ್ಥವಾಯಿತು. ಬೇಸರ ಮಾಡಿಕೊಳ್ಳಬೇಕೆಂದು ಗೋಡೆಗೆ ಮುಖ ತಿರುಗಿಸಿದೆ.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಎದುರಿನ ಗೋಡೆ ಹತ್ತಿತ್ತು. ಮಕ್ಕಳು ಎದ್ದು ಹೋಗಿದ್ದರು. ನಾಲ್ಕರ ಚಹಾ ಆಗಲೇ ಆಗಿಹೋಗಿತ್ತು. ನನ್ನದು ತಟ್ಟೆ ಮುಚ್ಚಿಕೊಂಡು ಅಡುಗೆಮನೆಯಲ್ಲಿ ಆರುತ್ತಿತ್ತು. ನರ್ಸಿಂಗ್ ಹಾಸ್ಟೆಲಿಗೆ ಸೇರಿದ ದಿನದಿಂದ ಇಂಥ ನಿದ್ದೆ ನನಗೆ ಗೊತ್ತಿಲ್ಲ. ಎರಡೂ ಕಿವಿ ಮಲಗಿದ ನಿದ್ದೆ. ಕೊನೆಯ ಸಲ ಹೀಗೆ ಮಲಗಿದ್ದು ಕಂಪ್ಲಿಯ ಮಾಳಿಗೆಯಲ್ಲಿ, ನಟ್ಟನಡುವೆ ಇದ್ದಾಗ.

ಹೊರಗೆ ಬಂದೆ. ಎಲ್ಲರೂ ನನ್ನನ್ನೇ ನೋಡಿದರು. ನಾನು ಯಾರ ಮುಖವನ್ನೂ ನೋಡದೆ ಆರಿದ ಚಹಾ ಎತ್ತಿಕೊಂಡು ಹಿತ್ತಲ ಕಟ್ಟೆಗೆ ಹೋಗಿ ಕೂತೆ. "ಸಿಟ್ಟಾಗ್ಯಾರ, ಸುಮ್ನಿರ್ರಿ" ಎಂದು ಸುಮಾ ಮಕ್ಕಳಿಗೆ ಪಿಸುಗುಟ್ಟಿದ್ದು ಕೇಳಿಸಿತು.

ಕಂಪ್ಲಿಯ ಅಜ್ಜಿ ಅಂದು ಮಜ್ಜಿಗೆ ಕಡೆಯುವ ತನಕ ಯಾರ ಮುಖವನ್ನೂ ಯಾಕೆ ನೋಡಲಿಲ್ಲ ಎಂದು ನನಗೆ ಈಗ ಗೊತ್ತು. ಸಿಟ್ಟೇನೂ ಅಲ್ಲ. ಅಷ್ಟು ಚೆನ್ನಾಗಿ ನಿದ್ದೆ ಬಂದುಬಿಟ್ಟಿತ್ತಲ್ಲ, ಅದಕ್ಕೆ ನಾಚಿಕೆ.