ಟೀಚರ್ ಕೇಳುತ್ತಿದ್ದ ಫೋಟೋಗಳು

ಮೇಜಿನ ಡ್ರಾಯರ್ ಚೊಕ್ಕ ಮಾಡುವಾಗ ಹಳೆಯ ಹೆಡ್‌ಫೋನ್ ಕೈಗೆ ಬಂತು. ಅದರ ಸ್ಪಂಜು ಪುಡಿಪುಡಿಯಾಗಿ ಬೆರಳಿಗೆಲ್ಲ ಕಪ್ಪಗೆ ಮೆತ್ತಿಕೊಂಡಿತು. ಮೂಗಿನ ಹತ್ತಿರ ಹಿಡಿದೆ. ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಇತ್ತು. ಟೀಚರ್ ತಲೆಯ ಎಣ್ಣೆ. ಕೈ ತೊಳೆಯಲು ಎದ್ದವಳು ಹಾಗೇ ಕುಳಿತುಬಿಟ್ಟೆ...

ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ನಮ್ಮ ಬೀದಿಯ ಮಕ್ಕಳಿಗೆಲ್ಲ ವಿಜ್ಞಾನ ಕಲಿಸಿದವರು, ನನಗೂ. ನಿವೃತ್ತಿಗೆ ಮುಂಚೆಯೇ ಕಣ್ಣು ಮಂಜಾಗುತ್ತ ಬಂದು ಆಮೇಲೆ ಪೂರ್ತಿ ಹೋಯಿತು. ಅವರ ಯಜಮಾನರಿಗೆ ಫೋಟೋ ತೆಗೆಯುವ ಹುಚ್ಚು. ಕಾರ್ಖಾನೆಯ ಕೆಲಸ ಮುಗಿದ ಮೇಲೆ ತಾವೇ ಕಲಿತು, ಊರಿನ ಫೋಟೋಗಳದ್ದೊಂದು ವೆಬ್‌ಸೈಟ್ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಟೀಚರ್ ಸಂಜೆಯಾದರೆ ಕಂಪ್ಯೂಟರ್ ಮುಂದೆ ಕುಳಿತು, ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳುತ್ತಿದ್ದರು. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಅದರಲ್ಲಿತ್ತು. ಏನು ಕೇಳುತ್ತಾರೆಂದು ನಾನು ವಿಚಾರಿಸಿದವಳೇ ಅಲ್ಲ. ಫೋಟೋಗಳ ಕೆಳಗಿನ ಒಂದೊಂದು ಸಾಲು ಇರಬೇಕು ಅಂದುಕೊಂಡಿದ್ದೆ.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವಳು, ಮನೆ ಮಾಡಿರುವುದೂ ಅಲ್ಲೇ. ರಜೆಗೆ ಊರಿಗೆ ಬಂದಿದ್ದಾಗ, ಪೇಜು ತೆರೆಯೋಕೆ ಯುಗ ಆಗುತ್ತೆ ಎಂದು ಟೀಚರ್ ಒಮ್ಮೆ ಗೊಣಗಿದರು. "ಅಯ್ಯೋ, ಅದೇನು ಮಹಾ! ನಾನು ಮಾಡಿಕೊಡ್ತೀನಿ ಬಿಡಿ ಟೀಚರ್" ಅಂದೆ. ಒಳಗಿನ ಕೋಡ್ ತೆರೆದು ನೋಡಿದರೆ ನಗು ಬಂತು. ಪುಟದಲ್ಲಿ ಏನು ಹೇಗೆ ಕಾಣಬೇಕೆಂದು ಕಂಪ್ಯೂಟರಿಗೆ ಹೇಳುವ ಗುರುತುಗಳು, ಟ್ಯಾಗುಗಳು; ಬಣ್ಣಕ್ಕೊಂದು ಟ್ಯಾಗು, ಅಕ್ಷರದ ಅಳತೆಗೊಂದು ಟ್ಯಾಗು, ಎಲ್ಲ ಒಂದರೊಳಗೊಂದು ಸಿಕ್ಕುಹಾಕಿಕೊಂಡಿದ್ದವು. ಇದನ್ನು ಓದುತ್ತ ಕೂರುವವರು ಯಾರು? ಹೇಳಿದಂಥ ಅಕ್ಷರಗಳನ್ನು ಹುಡುಕಿ ತೆಗೆಯುವ ಸೂತ್ರ, ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆದೆ. ಟ್ಯಾಗು ಶುರುವಾಗುವ ಚೂಪು ಕಂಸದಿಂದ ಮುಗಿಯುವ ಕಂಸದವರೆಗೆ ಏನಿದ್ದರೂ ಕಿತ್ತುಹಾಕು, ಹೊರಗುಳಿದ ಬರಹವನ್ನಷ್ಟೇ ಕೊಡು. ಇಷ್ಟೇ ಅದರ ಅರ್ಥ, ಒಂದೇ ಸಾಲು. ಕಾಫಿ ಆರುವುದರೊಳಗೆ ಪುಟಗಳೆಲ್ಲ ತೊಳೆದಿಟ್ಟ ಹಾಗಾದವು. ಫೋಟೋಗಳನ್ನು ಹೊಸದಾಗಿ ಜೋಡಿಸಿ, ಹಳೆಯ ಫೈಲುಗಳ ಮೇಲೇ ಹೊಸದನ್ನು ಬರೆದುಬಿಟ್ಟೆ. ಪ್ರತಿ ಇಟ್ಟುಕೊಳ್ಳದೆ ಏನನ್ನೂ ಮುಟ್ಟಬೇಡಿ ಎಂದು ಕ್ಲಾಸಿನಲ್ಲಿ ದಿನಾ ಬಾಯಿ ಬಡಿದುಕೊಳ್ಳುವವಳು ನಾನೇ.

ಮರುದಿನ ಸಂಜೆ ಟೀಚರ್ ಹೆಡ್‌ಫೋನ್ ಹಾಕಿಕೊಂಡರು. ನಾನು ಶಹಬ್ಬಾಸ್‌ಗಿರಿಗೆ ಕಾಯುತ್ತ ಪಕ್ಕದಲ್ಲೇ ನಿಂತಿದ್ದೆ. ಅವರು ಒಂದು ಕೀ ಒತ್ತಿದರು, ಇನ್ನೊಂದು ಒತ್ತಿದರು...

"ಇವ್ರು ಮಾತಾಡ್ತಿಲ್ಲ ಮಾರಾಯ್ತಿ" ಅಂದರು.

ಬಗ್ಗಿ ಅವರ ಹೆಡ್‌ಫೋನ್‌ಗೆ ಕಿವಿ ಹಚ್ಚಿದೆ; ಫೋಟೋ ಬಂದಲ್ಲೆಲ್ಲ ಯಂತ್ರ ಬರೀ 'ಚಿತ್ರ' ಎಂದು ಮುಂದೆ ಹೋಗುತ್ತಿತ್ತು. ಕಣ್ಣಿಲ್ಲದವರಿಗೆಂದು ಫೋಟೋದ ಟ್ಯಾಗಿನ ಒಳಗೇ ವಿವರಣೆ ಬರೆದಿಡಬಹುದು. ಅದು ಪರದೆಯ ಮೇಲೆ ಕಾಣುವುದಿಲ್ಲ, ತಂತ್ರಾಂಶ ಮಾತ್ರ ಓದುತ್ತದೆ. ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಪಾಠದಲ್ಲೇ ಬರುತ್ತದೆ. ಯಜಮಾನರು ಒಂದೊಂದು ಫೋಟೋಗೂ ಹೆಂಡತಿಯ ಪಕ್ಕ ಕುಳಿತು ಹೇಳುವ ಹಾಗೆ, ತಮಾಷೆ ಸಮೇತ, ಅಲ್ಲಿ ಬರೆದಿದ್ದರಂತೆ. ದನಿ ಯಂತ್ರದ್ದು, ಮಾತು ಅವರದು. ಅಷ್ಟನ್ನೂ ನಾನು ಕಸದ ಜೊತೆ ಗುಡಿಸಿ ಹಾಕಿದ್ದೆ.

ತಡವರಿಸುತ್ತ ಎಲ್ಲ ಹೇಳಿದೆ. ಟೀಚರ್ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನನ್ನ ಒಂದ್ ಮಾತು ಕೇಳ್ಬೋದಿತ್ತಲ್ಲ."

ಅಷ್ಟೇ ಅಂದದ್ದು. ಚೆನ್ನಾಗಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹಳೆಯ ಪ್ರತಿಗಾಗಿ ನಾನು ಹುಡುಕದ ಜಾಗವಿಲ್ಲ. ಎಲ್ಲೂ ಸಿಗಲಿಲ್ಲ. ಕೊನೆಗೆ ಟೀಚರೇ ದಾರಿ ಹೇಳಿದರು. ನಾನು ಫೋಟೋ ನೋಡಿ ಹೇಳುವುದು, ಅವರು ಯಜಮಾನರ ಮಾತು ನೆನಪಿಸಿಕೊಳ್ಳುವುದು, ನಾನು ಅದನ್ನು ಮತ್ತೆ ಬರೆಯುವುದು. ಭಾನುವಾರಗಳಂದು ಕೂರತೊಡಗಿದೆವು. "ಹೊಳೆ, ಸೇತುವೆ, ಕಲ್ಲು" ಎಂದು ನಾನು ಒದರಿದರೆ ಅವರಿಗೆ ಸಾಲದು.

"ಕಲ್ಲಿನ ಮೇಲೆ ಕಂಬಳಿ ಇರ್ಬೇಕು ನೋಡು. 'ಯಾರೋ ಪುಣ್ಯಾತ್ಮ ಚಳಿಗಾಲನೇ ಒಗೆದು ಹರವಿದಾನೆ ಕಣೇ' ಅಂತ ಬರ್ದಿದ್ರು."

ನೋಡಿದೆ. ಕಂಬಳಿ ಇತ್ತು.

ಒಂದು ಫೋಟೋದಲ್ಲಿ ಟೀಚರೇ ಇದ್ದರು. ಹಿತ್ತಿಲ ಮೆಟ್ಟಿಲ ಮೇಲೆ ಈಳಿಗೆಮಣೆ ಹಾಕಿಕೊಂಡು ಬೆಂಡೆಕಾಯಿ ಹೆಚ್ಚುತ್ತ, ಕ್ಯಾಮೆರಾ ಕಡೆ ಹುಸಿಮುನಿಸಿನಿಂದ ನೋಡುತ್ತಿದ್ದರು.

"ಇದಕ್ಕೇನು ಬರ್ದಿದ್ರು ಟೀಚರ್?"

ಅವರ ಮುಖ ಕೆಂಪಾಯಿತು. "ಅದು ನಂಗೆ ಬಾಯಿಪಾಠ. ನಿಂಗ್ಯಾಕೆ? ಮುಂದಿಂದು ಹೇಳು."

ಆಮೇಲೆ ನನ್ನ ಭಾನುವಾರಗಳು ತಪ್ಪತೊಡಗಿದವು. ಒಮ್ಮೆ ಪೇಪರ್ ತಿದ್ದುವುದಿತ್ತು, ಒಮ್ಮೆ ನೆಂಟರು ಬಂದಿದ್ದರು. ಒಮ್ಮೆ ಏನೂ ಇರಲಿಲ್ಲ, ಸುಮ್ಮನೆ ಬೇಜಾರು. "ಬರ್ತೀನಿ ಟೀಚರ್, ಮುಂದಿನ ವಾರ ಖಂಡಿತ" ಎಂದು ಫೋನಿನಲ್ಲಿ ಹೇಳುತ್ತಿದ್ದೆ. "ಆಯ್ತಮ್ಮ, ಬಾ" ಅನ್ನುತ್ತಿದ್ದರು. ಹಾಗೆ ಅಂದ ಒಂದು ವಾರದಲ್ಲೇ ಹೋಗಿಬಿಟ್ಟರು. ಮಣ್ಣು ಮುಗಿಸಿ ಬಂದ ಮೇಲೆ ಅವರ ತಂಗಿ ಈ ಹೆಡ್‌ಫೋನನ್ನು ನನ್ನ ಕೈಗಿತ್ತು, "ನಿಂಗೇ ಕೊಡು ಅಂದಿದ್ಳು" ಅಂದರು. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಇವತ್ತು ಅದನ್ನು ಹಾಕಿಕೊಂಡು, ಓದಿ ಹೇಳುವ ತಂತ್ರಾಂಶ ಹಚ್ಚಿ ಆ ಪುಟಗಳನ್ನು ತೆರೆದೆ. ಇನ್ನೂ ಕೆಲಸ ಮಾಡುತ್ತದೆ. ಕಂಬಳಿಯ ಮಾತು ಬಂತು, ನಕ್ಕೆ. ಮುಂದೆ ಹಿತ್ತಿಲ ಮೆಟ್ಟಿಲು ಬಂತು. ಎಷ್ಟೋ ಸಲ ಅಲ್ಲಿ ಏನಾದರೂ ಬರೆಯೋಣವೆಂದು ಕೂತಿದ್ದೇನೆ. ಈಳಿಗೆಮಣೆ ಎಂದು ಬರೆಯಬಲ್ಲೆ, ಬೆಂಡೆಕಾಯಿ ಎಂದು ಬರೆಯಬಲ್ಲೆ... ಕೇಳಿದರೆ ಟೀಚರ್ ಮುಖ ಕೆಂಪಾಗುವಂಥ ಮಾತು ನನಗೆ ಗೊತ್ತಿಲ್ಲ. ಗೊತ್ತಿದ್ದ ಇಬ್ಬರೂ ಈಗಿಲ್ಲ. ಬರೆದಿಟ್ಟದ್ದನ್ನು ಅಳಿಸಿದವಳು ನಾನು.

"ಚಿತ್ರ" ಎಂದಿತು ಯಂತ್ರ. ಮುಂದಿನದಕ್ಕೆ ಹೋಯಿತು.