ಅವಳನ್ನು ಅಲ್ಲೇ ಬಿಟ್ಟು ಬರಬಾರದು

ಸಿಂಗಾಪುರದ ಚೋವಾ ಚು ಕಾಂಗ್‌ನ ನಮ್ಮ ಫ್ಲ್ಯಾಟಿನಲ್ಲಿ ಅತ್ತೆ ಮಾತಾಡುತ್ತಿದ್ದದ್ದೆಲ್ಲ ಪಿಸುದನಿಯಲ್ಲೇ. ನಾನು ಮಿಕ್ಸಿ ಹಾಕಿದರೆ ಓಡಿ ಬಂದು ಕೈ ಹಿಡಿಯುವರು. "ಮೆತ್ತಗೆ ಕಣೇ, ಒಳಗೆ ಮಲಗಿದಾರೆ."

ಮಲಗಿದ್ದವರು ಅವರ ಅತ್ತೆ. ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಅದೂ ಮೈಸೂರಿನಲ್ಲಿ. ಸಿಂಗಾಪುರದ ಮುಖ ಕಂಡವರಲ್ಲ.

"ಅಜ್ಜಿ, ಅದು ನನ್ನ ರೂಮ್ ಲಾ! ಚೆಕ್ ಮಾಡಿದೆ, ಯಾರೂ ಇಲ್ಲ," ಎಂದು ನನ್ನ ಮಗಳು ಇಲ್ಲಿನವರ ಧಾಟಿಯಲ್ಲಿ ಹೇಳಿ ನಗುತ್ತಿದ್ದಳು.

"ನಿನಗೆ ಕಾಣಲ್ಲ ಮಗು." ಅತ್ತೆ ತಮಾಷೆಗೆ ಹೇಳುತ್ತಿರಲಿಲ್ಲ.

ಹುಡುಗಿಯಾಗಿದ್ದಾಗ ಅವರು ತಂದೆಯಿಂದ ಗಮಕ ಕಲಿತಿದ್ದರಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಒಲೆಯ ಮುಂದೆ ಒಂದು ಪದ್ಯ ಎತ್ತಿಕೊಂಡಾಗ ಒಳಕೋಣೆಯಿಂದ ಅವರ ಅತ್ತೆಯ ಮಾತು ಬಂತಂತೆ: "ಬಣ್ಣ ನೋಡಿದ್ರೆ ಇದ್ದಿಲು, ಮೇಲೆ ದನಿ ಬೇರೆ. ನನ್ನ ನಿದ್ದೆ ಕೆಡಿಸ್ಬೇಡ." ಅಂದು ನಿಂತ ಹಾಡು. ಒಮ್ಮೆಯಾದರೂ ಅದನ್ನು ಕೇಳಬೇಕೆಂದು ನನಗೆ ಆಸೆ. ಕೇಳಿದಾಗಲೆಲ್ಲ "ಹೋಯ್ತು ಕಣೇ ಅದು" ಎಂದು ಗಂಟಲು ಮುಟ್ಟಿಕೊಳ್ಳುವರು.

ಆಗ ನಾನು ಲೈಬ್ರರಿಯಿಂದ ಒಂದು ಇಂಗ್ಲಿಷ್ ಕಾದಂಬರಿ ತಂದಿದ್ದೆ. ಅಮೆರಿಕದ ಕಪ್ಪು ಲೇಖಕಿಯೊಬ್ಬರು ಬರೆದದ್ದು. ಹಿಂಬದಿಯಲ್ಲಿದ್ದ ಅವರ ಫೋಟೊವನ್ನು ಅತ್ತೆ ಮಂಜುಗಣ್ಣಿನ ಹತ್ತಿರ ಹಿಡಿದು ನೋಡಿದರು.

"ಈಕೆ ಬರೆದಳಾ? ಇಷ್ಟು ದಪ್ಪ? ನನ್ನ ಬಣ್ಣಾನೇ ಕಣೇ! ಓದು, ಅರ್ಥ ಹೇಳು."

ಅರ್ಥ ಹೇಳುವುದು ನನಗೆ ತಾತನಿಂದ ಬಂದದ್ದು. ಸಂಜೆ ಅವರ ಮನೆಯಲ್ಲಿ ಯಾರಾದರೂ ಕಾವ್ಯ ಹಾಡಿದರೆ ತಾತ ಪದ್ಯಪದ್ಯಕ್ಕೂ ಅರ್ಥ ಬಿಡಿಸುವರು. ಸಾವೋ ಅಳುವೋ ಬಂದ ಕಡೆ ಓದು ನಿಲ್ಲಿಸುವಂತಿರಲಿಲ್ಲ. ಸಾರು ಆರಿದರೆ ಆರಲಿ, ಕಥೆಯಲ್ಲಿ ಒಂದು ಒಳ್ಳೆಯ ಗಳಿಗೆ ಬರುವ ತನಕ ಕೂರಬೇಕು. "ಅಳೋರನ್ನ ಅಲ್ಲೇ ಬಿಟ್ಟು ಎದ್ದು ಬರಬಾರದು," ಎನ್ನುತ್ತಿದ್ದರು.

ಹಾಗೆ ಮಧ್ಯಾಹ್ನಗಳಲ್ಲಿ ನಮ್ಮ ಓದು ಸಾಗಿತು. ಕಥೆಯ ಹೆಂಗಸು ಬಿಳಿಯರ ಮನೆಯ ಅಡುಗೆಯವಳು. ಅವಳ ಅಜ್ಜಿಯನ್ನು ಮಗುವಾಗಿದ್ದಾಗಲೇ ಗುಲಾಮಳಾಗಿ ಮಾರಿದ್ದರು. ಅಲ್ಲಿಂದ ಆ ಮನೆತನದ ಹೆಂಗಸರು ದನಿ ತಗ್ಗಿಸಿಯೇ ಬದುಕಿದರು. ಅವಳ ತಾಯಿ ಸತ್ತ ಮೇಲೂ ಒಲೆಯ ಹಿಂದಿನಿಂದ "ಸುಮ್ಮನಿರು" ಎನ್ನುತ್ತಿದ್ದಳು.

"ನಮ್ಮದು ಅಷ್ಟಿಲ್ಲ ಬಿಡು. ನನ್ನನ್ನ ಯಾರೂ ಮಾರಲಿಲ್ಲ," ಎಂದರು ಅತ್ತೆ. ಮತ್ತೆ, "ಆದ್ರೆ ಆ ಒಲೆ ನನಗೆ ಗೊತ್ತು."

ಕೊನೆಯ ಪುಟದಲ್ಲಿ ಅವಳು ತಾನೆಂದೂ ದಾಟದ ಮುಂಬಾಗಿಲಿಗೆ ಬಂದು ನಿಂತು, ಎಲ್ಲರೆದುರು ಬಾಯಿ ತೆರೆಯುತ್ತಾಳೆ. ಅಲ್ಲಿಗೇ ಪುಸ್ತಕ ಮುಗಿಯುತ್ತದೆ. ನಾನು ಮುಚ್ಚಲು ಹೋದೆ.

"ಮುಚ್ಚಬೇಡ! ಅವಳನ್ನ ಹಾಗೇ ನಿಲ್ಲಿಸಿ ಬರ್ತೀಯಾ? ನಿಮ್ಮ ತಾತ ಏನು ಹೇಳ್ಕೊಟ್ಟಿದ್ರು?"

"ಪುಟ ಮುಗೀತಲ್ಲ ಅತ್ತೆ."

"ಅರ್ಥ ಹೇಳೋಳು ನೀನು. ಮುಂದೆ ಹೇಳು."

ನನಗೆ ಆಗಲಿಲ್ಲ. ಅವಳು ಇಷ್ಟು ದೂರ ನಡೆದು ಬಂದದ್ದು ನಾನು ಅವಳ ಬಾಯಿಗೆ ಮಾತು ತುರುಕಲಿ ಎಂದಲ್ಲ. "ಅದು ಅವಳೇ ಹೇಳಬೇಕಾದ್ದು ಅತ್ತೆ," ಎಂದೆ.

ಅತ್ತೆ ಕುರ್ಚಿಯನ್ನು ಒಳಕೋಣೆಯ ಕಡೆ ತಿರುಗಿಸಿಕೊಂಡು, ನಾನೆಂದೂ ಕೇಳದ ದೊಡ್ಡ ದನಿಯಲ್ಲಿ ಹೇಳಿದರು: "ಅತ್ತೆಮ್ಮಾ, ನಾನು ಹಾಡ್ತೀನಿ. ನಿದ್ದೆ ಕೆಟ್ಟರೆ ಎದ್ದು ಕೂತ್ಕೊಳ್ಳಿ."

ಹಾಡಿದರು. ದನಿ ತುಕ್ಕು ಹಿಡಿದ ಬೀಗದ ಹಾಗೆ ಮೊದಲು ಅಲ್ಲಲ್ಲಿ ಸಿಕ್ಕಿಕೊಂಡಿತು. ಎರಡನೆಯ ಸಾಲಿಗೆ ಬಿಚ್ಚಿಕೊಂಡಿತು. ತೆರೆದ ಪುಸ್ತಕ ನನ್ನ ತೊಡೆಯ ಮೇಲಿತ್ತು.

ಪದ್ಯ ಮುಗಿಯುವ ಹೊತ್ತಿಗೆ ಒಳಗೆ, ಯಾರೋ ಮಗ್ಗುಲಾದಂತೆ, ಮಂಚ ಕಿರ್ರೆಂದಿತು. ಮಗಳು ಸ್ಕೂಲಿನಿಂದ ಬರಲು ಇನ್ನೂ ಹೊತ್ತಿತ್ತು.

ನಾನು ಅತ್ತೆಯ ಕೈ ಹಿಡಿದುಕೊಂಡೆ.

"ಎದ್ದಿದಾರೆ," ಎಂದರು. "ಇರಲಿ, ಕೇಳಲಿ." ಮತ್ತೆ ಮೊದಲಿನಿಂದ ಎತ್ತಿಕೊಂಡರು.